ಹಿರಿಯ ನಾಗರಿಕರ ಬೇಡಿಕೆ ಮಹಾರಾಷ್ಟ್ರ ಸರ್ಕಾರದ ಮುಂದಿಡಬೇಕು: ಯಾರಿಗೆ, ಯಾವಾಗ, ಹೇಗೆ?

ಕೋಥ್ರೂಡ್ ಎಸ್.ಕೆ.

ಎಲ್ಲರಿಗೂ ನಮಸ್ಕಾರ. ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಅರವತ್ತು ದಾಟಿದವರ ವೇದಿಕೆಯೊಂದಿದೆ. ಸದಸ್ಯರು 140ರಷ್ಟು, ಬಳಗ ನೋಂದಾಯಿತ ಸಂಸ್ಥೆ. ಮುಂದಿನ ಅಧಿವೇಶನಕ್ಕೆ ಮೊದಲು ಸರ್ಕಾರಕ್ಕೆ ಮನವಿ ಕೊಡಬೇಕೆಂದು ಠರಾವಾಗಿದೆ. ಸದ್ಯ ಪಟ್ಟಿಯಲ್ಲಿರುವ ಬೇಡಿಕೆಗಳು ಇವು: 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಲ್ಲಿ ಮಕ್ಕಳು ಕೊಡಬೇಕಾದ ಜೀವನಾಂಶಕ್ಕಿರುವ ತಿಂಗಳಿಗೆ ರೂ.10,000 ಎಂಬ ಮಿತಿ ಹೋಗಬೇಕು. ಆ ಕಾಯ್ದೆಯ ನ್ಯಾಯಮಂಡಳಿಯಲ್ಲಿ ಅರ್ಜಿಗಳು ಬೇಗ ಮುಗಿಯಬೇಕು. ಬಡ ವೃದ್ಧರಿಗೆ ರಾಜ್ಯ ಪಿಂಚಣಿ ಕೊಡುವ ಶ್ರಾವಣಬಾಳ ಯೋಜನೆಯ ಆದಾಯ ಮಿತಿ ಏರಬೇಕು, ರಾಜ್ಯದಲ್ಲಿ 15 ವರ್ಷದ ವಾಸದ ಷರತ್ತು ಸಡಿಲವಾಗಬೇಕು. ರೈಲ್ವೆ ರಿಯಾಯಿತಿ ಮತ್ತೆ ಬರಬೇಕು.

ಇದನ್ನು ಶಾಸಕರಿಗೆ ಕೊಟ್ಟರೆ ಸಾಕೇ, ಮಂತ್ರಾಲಯಕ್ಕೂ, ಅಂದರೆ ಮುಂಬಯಿಯ ಸಚಿವಾಲಯಕ್ಕೂ, ಹೋಗಬೇಕೇ? ಮರಾಠಿಯಲ್ಲೇ ಬರೆಯಬೇಕೇ? ಸಹಿ ಸಂಗ್ರಹಕ್ಕೆ ಬೆಲೆ ಇದೆಯೇ? ಈ ಕೆಲಸ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಮಾಟುಂಗ ಓದುಗ

ಎಸ್.ಕೆ. ಅವರೇ, ಐದೂ ಬೇಡಿಕೆ ಒಂದೇ ಕಾಗದದಲ್ಲಿ ಹೋದರೆ ಐದೂ ಬಿದ್ದುಹೋಗುತ್ತವೆ. ಆ ಕಾಗದ ತಲುಪಿದ ಮೇಜಿನವರು ತಮ್ಮದಲ್ಲದ ನಾಲ್ಕನ್ನು ನೋಡಿ, ‘ಸಂಬಂಧಪಟ್ಟ ವಿಭಾಗಕ್ಕೆ’ ಎಂದು ಬರೆದು ಮುಂದೆ ತಳ್ಳುತ್ತಾರೆ. ಆದ್ದರಿಂದ ಪ್ರತಿ ಬೇಡಿಕೆಗೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಯಾರ ಸಹಿಯಿಂದ ಆಗುವ ಕೆಲಸ?

ರೈಲ್ವೆ ರಿಯಾಯಿತಿ ಕೇಂದ್ರದ್ದು. 2020ರ ಮಾರ್ಚ್‌ನಲ್ಲಿ ನಿಂತದ್ದು ರೈಲ್ವೆ ಮಂಡಳಿಯ ಆದೇಶದಿಂದ. ರಾಜ್ಯದ ಪತ್ರದಿಂದ ಅದನ್ನು ತೆಗೆದುಬಿಡಿ, ನಿಮ್ಮ ಸಂಸದರಿಗೆ ಪ್ರತ್ಯೇಕವಾಗಿ ಕೊಡಿ.

ರೂ.10,000 ಮಿತಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಾಯ್ದೆಯ 9(2)ನೇ ಕಲಮಿನ ಪ್ರಕಾರ ಗರಿಷ್ಠ ಜೀವನಾಂಶ ಎಷ್ಟೆಂದು ರಾಜ್ಯ ಸರ್ಕಾರ ನಿಯಮದಲ್ಲಿ ಹೇಳಬಹುದು, ಆದರೆ ಅದು ತಿಂಗಳಿಗೆ ಹತ್ತು ಸಾವಿರ ಮೀರಬಾರದು. ಅಂದರೆ ಇಲಾಖೆ ಒಪ್ಪಿದರೂ ನಿಯಮ ತಿದ್ದಿ ಇದನ್ನು ಏರಿಸಲಾಗದು. ಸಂಸತ್ತೇ ತಿದ್ದಬೇಕು. ಇಲ್ಲವೇ ರಾಜ್ಯ ತನ್ನದೇ ತಿದ್ದುಪಡಿ ಮಾಡಿ ಸಂವಿಧಾನದ 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಪಡೆಯಬೇಕು. ಮಿತಿ ತೆಗೆಯುವ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದು ಸ್ಥಾಯಿ ಸಮಿತಿಗೂ ಹೋಗಿತ್ತು. ಅಂಗೀಕಾರವಾಗದೆ 2024ರಲ್ಲಿ ಸಭೆ ವಿಸರ್ಜನೆಯಾದಾಗ ತಾನಾಗಿ ಬಿದ್ದುಹೋಯಿತು. ಹಾಗಾಗಿ ರಾಜ್ಯದ ಮಟ್ಟದಲ್ಲಿ ಸುಲಭವಾಗಿ ಕೇಳಬಹುದಾದದ್ದು ಒಂದೇ: ಕೇಂದ್ರವನ್ನು ಒತ್ತಾಯಿಸುವ ಒಂದು ಅಶಾಸಕೀಯ (ಖಾಸಗಿ ಸದಸ್ಯರ) ಠರಾವನ್ನು ಶಾಸಕರು ಮಂಡಿಸಲಿ ಎಂದು.

ಶ್ರಾವಣಬಾಳ ಯೋಜನೆಯ ಆದಾಯ ಮಿತಿ, 15 ವರ್ಷದ ವಾಸ, ಇವೆರಡೂ ಯಾವ ಕಾಯ್ದೆಯಲ್ಲೂ ಇಲ್ಲ. ಇರುವುದು ಶಾಸನ ನಿರ್ಣಯದಲ್ಲಿ, ಅಂದರೆ ಜಿ.ಆರ್. ಎಂಬ ಸರ್ಕಾರಿ ಆದೇಶದಲ್ಲಿ. ಸಾಮಾಜಿಕ ನ್ಯಾಯ ಮತ್ತು ವಿಶೇಷ ಸಹಾಯ ಇಲಾಖೆ ಹೊರಡಿಸುತ್ತದೆ, ಹಣಕಾಸು ಇಲಾಖೆ ಒಪ್ಪಬೇಕು. ವಿಧಾನಸಭೆಯಲ್ಲಿ ಮತಕ್ಕೆ ಹಾಕುವ ಪ್ರಮೇಯವೇ ಇಲ್ಲ. ಐದರಲ್ಲಿ ನಿಜವಾಗಿ ಕೈಗೆಟಕುವವು ಇವೇ.

ನಮ್ಮವರು ಭಾಷೆಯಲ್ಲೂ ಎಡವುತ್ತಾರೆ, ಎಚ್ಚರ. ಮರಾಠಿಯಲ್ಲಿ ‘ಶಾಸನ’ ಅಂದರೆ ಸರ್ಕಾರ. ಶಾಸನ ನಿರ್ಣಯವನ್ನು ಕಾನೂನು ಎಂದು ಓದಿಕೊಂಡು ‘ಕಾಯ್ದೆ ತಿದ್ದಿ’ ಎಂದು ಬರೆದ ಮನವಿಗಳು ಎಷ್ಟೋ ಇವೆ. ‘ಮಸುದಾ’ ಅಂದರೆ ಬರೀ ಕರಡು. ನಮ್ಮ ಮಸೂದೆಗೆ ಅವರು ‘ವಿಧೇಯಕ’ ಅನ್ನುತ್ತಾರೆ. ‘ಸಚಿವ’ ಅಂದರೆ ಕಾರ್ಯದರ್ಶಿ, ಮಂತ್ರಿಯಲ್ಲ. ‘ಪ್ರಧಾನ ಸಚಿವ’ ಅಂದರೆ ಇಲಾಖೆಯ ಪ್ರಧಾನ ಕಾರ್ಯದರ್ಶಿ. ಜಿ.ಆರ್. ಬದಲಿಸುವ ಕಡತ ಅವರ ಕೈಯಿಂದಲೇ ಏಳಬೇಕು, ಆದ್ದರಿಂದ ನಿಮ್ಮ ಪತ್ರ ಮಂತ್ರಿಗಳ ಜೊತೆಗೆ ಅವರ ಹೆಸರಿಗೂ ಇರಲಿ.

ಪತ್ರ ಮರಾಠಿಯಲ್ಲೇ ಇರಲಿ. ಇಲಾಖೆಯ ಟಿಪ್ಪಣಿ ನಡೆಯುವುದು ಮರಾಠಿಯಲ್ಲಿ. ನಿಮ್ಮ ವಾಕ್ಯವನ್ನು ಗುಮಾಸ್ತರು ಹಾಗೆಯೇ ಟಿಪ್ಪಣಿಗೆ ಎತ್ತಿಕೊಳ್ಳುವಂತಿದ್ದರೆ ಅರ್ಧ ಕೆಲಸ ಆಯಿತು.

ಸ್ವಾರಗೇಟ್ ಬಿ.ಎಂ.

ಮಾಟುಂಗದವರು ಹೇಳಿದ್ದು ಖರೆ ಅದ. ನಾನು ಎರಡನೇ ಬೇಡಿಕೆ, ಅಂದರೆ ನ್ಯಾಯಮಂಡಳಿಯ ವಿಳಂಬದ ಬಗ್ಗೆ ಬರೆಯುತ್ತೇನ್ರಿ. ‘ಬೇಗ ಮುಗಿಸಿ’ ಎಂದರೆ ‘ಕಾಯ್ದೆಯಲ್ಲಿ 90 ದಿನ ಅಂತ ಇದೆಯಲ್ಲ, ಹಾಗೇ ನಡೀತಾ ಇದೆ’ ಎಂಬ ಉತ್ತರ ಬರುತ್ತದೆ, ಕಡತ ಮುಚ್ಚುತ್ತದೆ. ಮೊದಲು ಅಂಕಿ ಕೈಯಲ್ಲಿರಬೇಕು.

ಕಾಯ್ದೆ ಹೇಳುವ 90 ದಿನ ಅರ್ಜಿ ಕೊಟ್ಟ ದಿನದಿಂದ ಎಣಿಸುವುದಲ್ಲ. ಮಗನಿಗೋ ಮಗಳಿಗೋ ನೋಟಿಸ್ ಮುಟ್ಟಿದ ದಿನದಿಂದ ಎಣಿಸುವುದು. ವಿಶೇಷ ಕಾರಣವಿದ್ದರೆ ಒಮ್ಮೆ 30 ದಿನ ಹೆಚ್ಚು. ಈಗ ಉದಾಹರಣೆಗೆ ಒಂದು ಸಾಲು ನೋಡಿ: ಅರ್ಜಿ ಜನವರಿ 8, ನೋಟಿಸ್ ಮುಟ್ಟಿದ್ದು ಮೇ 20, ಆದೇಶ ಆಗಸ್ಟ್ 14. ಕಾಯ್ದೆಯ ಲೆಕ್ಕದಲ್ಲಿ 86 ದಿನ, ಎಲ್ಲ ಸರಿಯಾಗಿದೆ. ಆದರೆ ಮನೆಯಲ್ಲಿ ಕಾದ ಅಜ್ಜಿಯ ಲೆಕ್ಕದಲ್ಲಿ 218 ದಿನ. ನಡುವೆ ಕಳೆದ 132 ದಿನ ಯಾವ ವರದಿಯಲ್ಲೂ ಕಾಣುವುದಿಲ್ಲ. ವಿಳಾಸ ಬದಲಾಗಿದೆ, ಬಾಗಿಲು ಹಾಕಿತ್ತು, ಮಗ ಬೆಂಗಳೂರಿನಲ್ಲಿದ್ದಾನೆ, ಹೀಗೆ ನೋಟಿಸ್ ತಿರುಗಿ ತಿರುಗಿ ಬರುತ್ತದೆ. ಮಗ ಹೊರದೇಶದಲ್ಲಿದ್ದರೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಪ್ರಾಧಿಕಾರದ ಮೂಲಕ ಸಮನ್ಸ್ ಹೋಗಬೇಕು, ಅದು ಇನ್ನೂ ನಿಧಾನ.

ಈ ಅಂಕಿಗಳನ್ನು ಮಾಹಿತಿ ಹಕ್ಕಿನಲ್ಲಿ ತೆಗೆಯಿರಿ. ಪ್ರಾಂತ ಕಚೇರಿಯೇ, ಅಂದರೆ ಉಪವಿಭಾಗೀಯ ಅಧಿಕಾರಿಯ ಕಚೇರಿಯೇ, ನ್ಯಾಯಮಂಡಳಿ. ಅಲ್ಲಿಯ ಜನಮಾಹಿತಿ ಅಧಿಕಾರಿಗೆ ಅರ್ಜಿ, ಮೇಲೆ ರೂ.10ರ ಕೋರ್ಟ್ ಫೀ ಸ್ಟ್ಯಾಂಪ್. ಮಹಾರಾಷ್ಟ್ರದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಇದೇ ಕಾರಣಕ್ಕೆ ಬಹಳಷ್ಟು ವಾಪಸ್ ಬರುತ್ತವೆ. ‘ಯಾಕೆ ತಡವಾಯಿತು’ ಎಂದು ಕೇಳಬೇಡಿ; ಕಚೇರಿಯಲ್ಲಿ ಇರುವ ದಾಖಲೆ ಸಿಗುತ್ತದೆಯೇ ಹೊರತು ಕಾರಣ ಬರೆದುಕೊಡುವುದಿಲ್ಲ. ಕೇಳಬೇಕಾದದ್ದು ಇಷ್ಟು: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಈ ಕಾಯ್ದೆಯಡಿ ಬಂದ ಅರ್ಜಿಗಳ ನೋಂದಣಿ ವಹಿಯ ನಕಲು, ಹೆಸರು ವಿಳಾಸ ಮುಚ್ಚಿ. ಜೊತೆಗೆ ಪ್ರತಿ ಅರ್ಜಿಯ ನೋಟಿಸ್ ಮುಟ್ಟಿದ ದಿನಾಂಕ ಮತ್ತು ಆದೇಶದ ದಿನಾಂಕ. ‘ಹೆಸರು ಮುಚ್ಚಿ’ ಎಂದು ನೀವೇ ಬರೆಯದಿದ್ದರೆ ಖಾಸಗಿ ಮಾಹಿತಿ ಎಂದು ಪೂರ್ತಿ ತಳ್ಳಿಹಾಕುತ್ತಾರೆ. ವಹಿ ನೋಡಲಿಕ್ಕೇ ಹೋಗಬೇಕೆಂದರೂ ಕೇಳಬಹುದು, ಮೊದಲ ಒಂದು ತಾಸಿಗೆ ಫೀ ಇಲ್ಲ. ನಕಲಿಗೆ ಪುಟಕ್ಕೆ ರೂ.2.

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ರೂ.20ರ ಸ್ಟ್ಯಾಂಪ್ ಹಚ್ಚಿ ಮೊದಲ ಮೇಲ್ಮನವಿ. ಪುಣೆ ಜಿಲ್ಲೆಯಲ್ಲಿ ಉಪವಿಭಾಗ ಹಲವು, ಒಂದೊಂದಕ್ಕೂ ಬೇರೆ ಅರ್ಜಿ ಹಾಕಿ. 140 ಸದಸ್ಯರಲ್ಲಿ ಆರೇಳು ಮಂದಿ ಹಂಚಿಕೊಂಡರೆ ಭಾರವಾಗುವುದಿಲ್ಲ.

ಅಂಕಿ ಬಂದ ಮೇಲೆ ಬೇಡಿಕೆ ತಾನೇ ರೂಪ ತಾಳುತ್ತದೆ: ‘ಅರ್ಜಿ ನೋಂದಣಿಯಾದ 15 ದಿನದೊಳಗೆ ನೋಟಿಸ್ ಜಾರಿ ಮಾಡಬೇಕು’ ಎಂಬ ಒಂದು ಸಾಲು 2010ರ ಮಹಾರಾಷ್ಟ್ರ ನಿಯಮಗಳಿಗೆ ಸೇರಲಿ. ಕಾಯ್ದೆಯ 32ನೇ ಕಲಮಿನಡಿ ನಿಯಮ ಮಾಡುವ ಅಧಿಕಾರ ರಾಜ್ಯದ್ದು. ದಿಲ್ಲಿ ಬೇಕಿಲ್ಲ, ಹಣಕಾಸು ಇಲಾಖೆಯ ತಕರಾರೂ ಬರಲಿಕ್ಕಿಲ್ಲ, ಯಾಕೆಂದರೆ ಖರ್ಚಿಲ್ಲ. ನನ್ನನ್ನು ಕೇಳಿದರೆ ನಿಮ್ಮ ಮೊದಲ ಬೇಡಿಕೆ ಇದೇ ಆಗಬೇಕು.

ಆದೇಶ ಆದ ಮೇಲಿನ ಒಂದು ಮಾತನ್ನೂ ಸದಸ್ಯರಿಗೆ ಹೇಳಿಡಿ. ಮಕ್ಕಳು ಹಣ ಕೊಡದಿದ್ದರೆ ವಸೂಲಿಗೆ ಅರ್ಜಿ ಕೊಡಬೇಕಾದದ್ದು ಹಣ ಬಾಕಿಯಾದ ಮೂರು ತಿಂಗಳೊಳಗೆ. ‘ಪಾಪ, ಮುಂದಿನ ತಿಂಗಳು ಕೊಟ್ಟಾನು’ ಎಂದು ತಾಯಂದಿರು ಕಾಯುತ್ತಾರೆ, ಅವಧಿ ಕಳೆದುಹೋಗುತ್ತದೆ.

ಡೊಂಬಿವಿಲಿ ಎಚ್.ಆರ್.

ವಿಧಾನಮಂಡಲದ ಭಾಗ ನಾನು ಹೇಳುತ್ತೇನೆ. ಬಜೆಟ್ ಅಧಿವೇಶನ ಮತ್ತು ಮಳೆಗಾಲದ ಅಧಿವೇಶನ ಮುಂಬಯಿಯಲ್ಲಿ, ಚಳಿಗಾಲದ್ದು ಡಿಸೆಂಬರ್‌ನಲ್ಲಿ ನಾಗಪುರದಲ್ಲಿ. ಅಧಿವೇಶನ ಶುರುವಾದ ಮೇಲೆ ಶಾಸಕರ ಕೈಗೆ ಮನವಿ ಕೊಟ್ಟು ಫೋಟೊ ತೆಗೆಸಿಕೊಳ್ಳುವುದರಿಂದ ಏನೂ ಆಗದು. ತಾರಾಂಕಿತ (ಚುಕ್ಕೆ ಗುರುತಿನ) ಪ್ರಶ್ನೆಗಳನ್ನು ವಾರಗಳ ಮೊದಲೇ ಸಲ್ಲಿಸಿರಬೇಕು. ಶಾಸಕರ ಕಚೇರಿಯಲ್ಲಿ ಪ್ರಶ್ನೆ ತಯಾರಿಸುವ ಸ್ವೀಯ ಸಹಾಯಕರು (ಪಿ.ಎ.) ಇರುತ್ತಾರೆ, ಅವರಿಗೆ ಬೇಕಾದದ್ದು ನಿಮ್ಮ ಭಾಷಣವಲ್ಲ. ನಾಲ್ಕು ಸಾಲಿನ ಸಿದ್ಧ ಪ್ರಶ್ನೆ, ಜೊತೆಗೆ ಮಾಹಿತಿ ಹಕ್ಕಿನ ಉತ್ತರದ ನಕಲು. ಬಿ.ಎಂ. ಅವರು ಹೇಳಿದ ಅಂಕಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಧಿವೇಶನ ನಡೆಯುತ್ತಿರುವಾಗ ತುರ್ತು ವಿಷಯ ಎತ್ತಲು ಇರುವುದು ಲಕ್ಷವೇಧಿ ಸೂಚನೆ, ಅಂದರೆ ಗಮನ ಸೆಳೆಯುವ ಸೂಚನೆ. ಅದಕ್ಕೆ ಮಂತ್ರಿಗಳು ಸದನದಲ್ಲಿ ಉತ್ತರ ಕೊಡಬೇಕಾಗುತ್ತದೆ, ಅಲ್ಲಿ ಕೊಟ್ಟ ಭರವಸೆಯ ಬೆನ್ನು ಹತ್ತಲು ಆಶ್ವಾಸನ ಸಮಿತಿ ಇದೆ. ಆದ್ದರಿಂದ ಉತ್ತರದಲ್ಲಿ ‘ಮಾಡುತ್ತೇವೆ’ ಎಂಬ ಮಾತು ಬಂದರೆ ಆ ದಿನದ ಕಲಾಪದ ಪ್ರತಿ ತೆಗೆದಿಡಿ.

ವಿಧಾನಸಭೆಯ 288 ಮಂದಿಯನ್ನಷ್ಟೇ ನೋಡಬೇಡಿ. ವಿಧಾನ ಪರಿಷತ್ತಿನಲ್ಲಿ 78 ಸದಸ್ಯರಿದ್ದಾರೆ, ಪುಣೆಗೆ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಿವೆ. ನಿವೃತ್ತ ಶಿಕ್ಷಕರ ಮಾತು ಆ ಸದಸ್ಯರು ಕೇಳುತ್ತಾರೆ.

ಸಹಿ ಸಂಗ್ರಹದ ಬಗ್ಗೆ ಕೇಳಿದ್ದಿರಿ. ಬಿಡಿ ಹಾಳೆಗಳ ಸಹಿಗೆ ಕಚೇರಿಯಲ್ಲಿ ಬೆಲೆ ಕಡಿಮೆ. ಸಂಸ್ಥೆಯ ಲೆಟರ್‌ಹೆಡ್, ನೋಂದಣಿ ಸಂಖ್ಯೆ, ಠರಾವಿನ ದಿನಾಂಕ, ಅಧ್ಯಕ್ಷ ಕಾರ್ಯದರ್ಶಿಗಳ ಸಹಿ ಸಾಕು. ಸಹಿಗಳು ನಿಜಕ್ಕೂ ಬೇಕಾಗುವುದು ಸದನದ ವಿನಂತಿ ಅರ್ಜ ಸಮಿತಿಗೆ, ಅಂದರೆ ಜನರ ಅರ್ಜಿ ನೋಡುವ ಸಮಿತಿಗೆ, ಹೋಗುವಾಗ. ಅದನ್ನು ಒಬ್ಬ ಸದಸ್ಯರ ಮೂಲಕವೇ ಮಂಡಿಸಬೇಕು.

‘ಖಾಸಗಿ ವಿಧೇಯಕ ತರಿಸೋಣ’ ಎಂಬ ಆಸೆ ಹಲವರಿಗೆ. ಸರ್ಕಾರದ ಖಜಾನೆಯಿಂದ ಖರ್ಚು ಬರುವ ವಿಧೇಯಕವಾದರೆ 207(3)ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸು ಇಲ್ಲದೆ ಸದನ ಅದನ್ನು ಅಂಗೀಕರಿಸುವಂತಿಲ್ಲ. ಪಿಂಚಣಿ ಹೆಚ್ಚಿಸುವ ಖಾಸಗಿ ವಿಧೇಯಕ ಅಲ್ಲೇ ನಿಲ್ಲುತ್ತದೆ. ಅದಕ್ಕೆ ಹಾಕುವ ಶ್ರಮವನ್ನು ಜಿ.ಆರ್. ಬದಲಿಸಲು ಹಾಕಿ. ಹಣದ ಬೇಡಿಕೆಯನ್ನು ದೀಪಾವಳಿಯ ಹೊತ್ತಿಗೆ ಇಲಾಖೆಗೆ ಮುಟ್ಟಿಸಿ. ಮಾರ್ಚ್‌ನಲ್ಲಿ ಮಂಡಿಸುವ ಬಜೆಟ್‌ಗೆ ಇಲಾಖೆಗಳ ಅಂದಾಜು ಅದಕ್ಕೂ ತಿಂಗಳುಗಳ ಮೊದಲೇ ತಯಾರಾಗುತ್ತದೆ. ಚುನಾವಣೆಯ ಆಚಾರಸಂಹಿತೆ ಜಾರಿಯಲ್ಲಿದ್ದಾಗ ಹೊಸ ಜಿ.ಆರ್. ನಿರೀಕ್ಷಿಸಬೇಡಿ.

ಮಂತ್ರಾಲಯದ ಟಪಾಲ್ ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಆವಕ್ ಕ್ರಮಾಂಕ (ಪತ್ರ ಸ್ವೀಕರಿಸಿದ ಸಂಖ್ಯೆ) ಮತ್ತು ಮೊಹರು ಹಾಕಿಸಿಕೊಳ್ಳಿ. ಆ ಕ್ರಮಾಂಕವಿಲ್ಲದ ಪತ್ರದ ಗತಿ ಕೇಳಲು ಯಾವ ದಾರಿಯೂ ಇಲ್ಲ. ಸಮಾಜ ಕಲ್ಯಾಣ ಆಯುಕ್ತಾಲಯ ನಿಮ್ಮ ಪುಣೆಯಲ್ಲೇ ಇದೆ. ಇಲಾಖೆ ಅಭಿಪ್ರಾಯ ಕೇಳುವುದು ಅವರನ್ನೇ, ಆದ್ದರಿಂದ ಅಲ್ಲಿಗೂ ಒಂದು ಪ್ರತಿ. ರಾಜ್ಯದ ಜ್ಯೇಷ್ಠ ನಾಗರಿಕ ಸಂಘಗಳ ಒಕ್ಕೂಟ ಫೆಸ್ಕಾಂ ಜೊತೆ ಸೇರಿಯೂ ಕೊಡಿ. ಒಂಟಿ ಬಳಗದ 140 ಜನರ ಮಾತಿಗೂ ಒಕ್ಕೂಟದ ಮಾತಿಗೂ ತೂಕ ಬೇರೆ.

ವಾಸ್ಕೋ ವಾಚಕಿ

ಗೋವಾದಲ್ಲಿರುವ ನಮ್ಮವರಿಗಾಗಿ ಎರಡು ಮಾತು. ಇಲ್ಲಿ ವಿಧಾನಸಭೆ 40 ಸದಸ್ಯರದ್ದು, ಒಬ್ಬ ಶಾಸಕರಿಗೆ ಸರಾಸರಿ ಮೂವತ್ತು ಸಾವಿರದೊಳಗೆ ಮತದಾರರು. ಮಹಾರಾಷ್ಟ್ರದಲ್ಲಿ ಅದು ಮೂರು ಲಕ್ಷಕ್ಕೂ ಮೇಲೆ. ಹಾಗಾಗಿ ಇಲ್ಲಿ ಐವತ್ತು ಹಿರಿಯರು ಒಟ್ಟಿಗೆ ಹೋದರೂ ಶಾಸಕರು ಕೂರಿಸಿ ಮಾತಾಡುತ್ತಾರೆ. ಅಧಿವೇಶನದ ಶುಕ್ರವಾರ ಖಾಸಗಿ ಸದಸ್ಯರ ಕಲಾಪದ ದಿನ, ಠರಾವು ತರಿಸುವುದಿದ್ದರೆ ಆ ದಿನ ನೋಡಿಕೊಳ್ಳಿ.

ದಯಾನಂದ ಸಾಮಾಜಿಕ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ರೂ.2,000 ಇದೆ, ಆದರೆ ಇಲ್ಲಿಯೂ 15 ವರ್ಷದ ವಾಸ ತೋರಿಸಬೇಕು. ಬೈನಾ, ಝುವಾರಿ ನಗರದ ಕಡೆ ಬಾಡಿಗೆ ಕೋಣೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಕಳೆದವರ ಬಳಿಯೂ ತಮ್ಮ ಹೆಸರಿನ ವಿದ್ಯುತ್ ಬಿಲ್ ಇರುವುದಿಲ್ಲ. ಅಂಥವರ ಹಳೆಯ ಮತದಾರರ ಪಟ್ಟಿಯ ಪುಟ, ಮಕ್ಕಳ ಶಾಲಾ ದಾಖಲೆ, ಬ್ಯಾಂಕಿನ ಹಳೆಯ ಪಾಸ್‌ಬುಕ್ ಈಗಲೇ ಕೂಡಿಸಿಡಿ. ಬೇಡಿಕೆ ಇಡುವಾಗ ‘ಷರತ್ತು ತೆಗೆಯಿರಿ’ ಎಂದು ಕೇಳುವ ಬದಲು ‘ಇಂತಿಂಥ ದಾಖಲೆಯನ್ನೂ ಒಪ್ಪಿಕೊಳ್ಳಿ’ ಎಂದು ಕೇಳುವುದು ಸುಲಭವಾಗಿ ಆಗುವ ಮಾತು.

ಕೋಥ್ರೂಡ್ ಎಸ್.ಕೆ.

ತುಂಬ ಉಪಕಾರವಾಯಿತು. ರೈಲ್ವೆ ತೆಗೆದಿದ್ದೇವೆ, ನೋಟಿಸ್ ಅವಧಿ ಮೊದಲಿಗೆ ಬಂದಿದೆ. ಇನ್ನೊಂದು ವಿಷಯ ಸಭೆಯಲ್ಲಿ ಬಂತು: ಮನೆ ಮಕ್ಕಳ ಹೆಸರಿಗೆ ಬರೆದುಕೊಟ್ಟ ಮೇಲೆ ಹೊರಗೆ ಹಾಕುವ ಪ್ರಕರಣಗಳು. 23ನೇ ಕಲಮನ್ನು ಬಿಗಿಗೊಳಿಸಿ ಎಂದು ರಾಜ್ಯವನ್ನು ಕೇಳಬಹುದೇ?

ಠಾಣೆ ವಿ.ಎನ್.

ಕಲಮು ಮುಟ್ಟಬೇಡಿ, ಅದು ಮತ್ತೆ ದಿಲ್ಲಿಗೆ ಹೋಗುತ್ತದೆ. ತೊಂದರೆ ಇರುವುದು ಪತ್ರ ಬರೆಯುವ ಕಡೆ. 23(1) ಹೇಳುವುದು: ಹಿರಿಯರಿಗೆ ಮೂಲ ಸೌಕರ್ಯ ಮತ್ತು ದೈಹಿಕ ಅಗತ್ಯ ಒದಗಿಸಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ಅದನ್ನು ಮಾಡದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. 2022ರ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಥ ಷರತ್ತು ಇತ್ತೆಂದು ತೋರಿಸಲೇಬೇಕು ಎಂದಿತು. 2025ರ ಜನವರಿಯ ಊರ್ಮಿಳಾ ದೀಕ್ಷಿತ್ ತೀರ್ಪು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು, ನ್ಯಾಯಮಂಡಳಿ ಸ್ವಾಧೀನ ವಾಪಸ್ ಕೊಡಿಸಬಹುದು ಎಂದೂ ಹೇಳಿತು. ಆದರೂ ಷರತ್ತು ಬರಹದಲ್ಲಿದ್ದರೆ ಜಗಳವೇ ಇಲ್ಲ.

ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಗಂಡ, ಹೆಂಡತಿ, ಮಕ್ಕಳು, ಮೊಮ್ಮಕ್ಕಳಿಗೆ ದಾನ ಕೊಟ್ಟರೆ ಮುದ್ರಾಂಕ ಶುಲ್ಕ ರೂ.200 ಮಾತ್ರ, ಸ್ಥಳೀಯ ಅಧಿಭಾರ ಬೇರೆ. ಅಗ್ಗವಾದ್ದರಿಂದ ಬಕ್ಷೀಸ್‌ಪತ್ರಗಳು ಬಹಳ ಆಗುತ್ತವೆ. ದಾನಪತ್ರಕ್ಕೆ ಮರಾಠಿಯಲ್ಲಿ ಹಾಗನ್ನುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂತವರ ಬಳಿ ಸಿದ್ಧ ನಮೂನೆ ಇರುತ್ತದೆ. ಅದರಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂದಷ್ಟೇ ಇರುತ್ತದೆ, ಷರತ್ತಿನ ಸಾಲು ಇರುವುದಿಲ್ಲ. ಮಗನೇ ಕರೆದುಕೊಂಡು ಬಂದಿರುತ್ತಾನೆ, ತಂದೆ ಬೆರಳೊತ್ತುತ್ತಾರೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಆದ್ದರಿಂದ ಬೇಡಿಕೆ ಹೀಗಿರಲಿ: ದಾನಿ 60 ದಾಟಿದವರಾಗಿದ್ದರೆ 23ನೇ ಕಲಮಿನ ಷರತ್ತು ಪತ್ರದಲ್ಲಿ ಇದೆಯೋ ಇಲ್ಲವೋ ಎಂದು ಸಬ್ ರಿಜಿಸ್ಟ್ರಾರ್ ಅವರಿಗೆ ಓದಿ ಹೇಳಿ, ಒಪ್ಪಿಗೆ ಬರೆಸಿಕೊಳ್ಳಬೇಕು. ನಿಮ್ಮೂರಿನಲ್ಲೇ ಇರುವ ನೋಂದಣಿ ಮಹಾನಿರೀಕ್ಷಕರನ್ನು ಇಂಥ ಒಂದು ಪರಿಪತ್ರಕ್ಕಾಗಿ (ಸುತ್ತೋಲೆಗಾಗಿ) ಕೇಳಿ. ಅಲ್ಲಿಯವರೆಗೆ ಸದಸ್ಯರು ತಮ್ಮ ಪತ್ರದಲ್ಲಿ ಆ ಸಾಲನ್ನು ತಾವೇ ಸೇರಿಸಿಕೊಳ್ಳಲಿ. ಮೃತ್ಯುಪತ್ರಕ್ಕೆ (ಉಯಿಲಿಗೆ) ಇದು ಬೇಕಿಲ್ಲ, ಬದುಕಿರುವಷ್ಟು ದಿನ ಬದಲಿಸಬಹುದು.

ಕೋಥ್ರೂಡ್ ಎಸ್.ಕೆ.

ಶ್ರಾವಣಬಾಳ ಪತ್ರದ ಮುಖ್ಯ ವಾಕ್ಯ ಹೀಗೆ ಬರೆದಿದ್ದೇವೆ, ನೋಡಿ ಹೇಳಿ: ‘ಇಂದಿನ ಬೆಲೆ ಏರಿಕೆಯ ದಿನಗಳಲ್ಲಿ ಬಡ ವೃದ್ಧರ ಸ್ಥಿತಿ ಶೋಚನೀಯವಾಗಿದ್ದು, ಆದಾಯ ಮಿತಿಯನ್ನು ಯೋಗ್ಯ ರೀತಿಯಲ್ಲಿ ಹೆಚ್ಚಿಸಬೇಕಾಗಿ ವಿನಂತಿ.’

ಮಾಟುಂಗ ಓದುಗ

‘ಯೋಗ್ಯ ರೀತಿಯಲ್ಲಿ’ ಎಂದರೆ ಎಷ್ಟು ಎಂದು ಟಿಪ್ಪಣಿ ಬರೆಯುವವರಿಗೆ ತಿಳಿಯುವುದಿಲ್ಲ. ಅಂಕಿ ಬರೆಯಿರಿ, ಅವರದೇ ಇನ್ನೊಂದು ಜಿ.ಆರ್. ಪಕ್ಕದಲ್ಲಿಡಿ. ಶ್ರಾವಣಬಾಳಕ್ಕೆ ಕುಟುಂಬದ ವಾರ್ಷಿಕ ಆದಾಯ ರೂ.21,000ದೊಳಗೆ, ಅಂದರೆ ತಿಂಗಳಿಗೆ ರೂ.1,750. 2023ರಲ್ಲಿ ಪಿಂಚಣಿಯನ್ನು ರೂ.1,500ಕ್ಕೆ ಏರಿಸಿದಾಗಲೂ ಈ ಮಿತಿ ಹಾಗೆಯೇ ಉಳಿಯಿತು. ಅದೇ ಇಲಾಖೆ 2024ರಲ್ಲಿ ತಂದ ಮುಖ್ಯಮಂತ್ರಿ ವಯೋಶ್ರೀ ಯೋಜನೆಗೆ, ಅದೇ 65 ವರ್ಷದವರಿಗೆ, ಮಿತಿ ರೂ.2 ಲಕ್ಷ. ಒಮ್ಮೆ ಸಿಗುವ ರೂ.3,000ಕ್ಕೆ ಎರಡು ಲಕ್ಷ, ತಿಂಗಳು ತಿಂಗಳು ಊಟಕ್ಕೆ ಬೇಕಾದ ಹಣಕ್ಕೆ ಇಪ್ಪತ್ತೊಂದು ಸಾವಿರ. ಈ ಎರಡು ಅಂಕಿ ಅಕ್ಕಪಕ್ಕ ಕೂತರೆ ಬೇರೆ ವಾದ ಬೇಡ.

ವಾಕ್ಯ ಹೀಗಾಗಲಿ: ‘ಮೇಲಿನ ಶಾಸನ ನಿರ್ಣಯದಲ್ಲಿ “ರೂ.21,000” ಎಂದಿರುವಲ್ಲಿ ವಯೋಶ್ರೀ ಯೋಜನೆಯಂತೆ “ರೂ.2,00,000” ಎಂದು ಓದಿಕೊಳ್ಳುವಂತೆ ಶುದ್ಧಿಪತ್ರ ಹೊರಡಿಸಬೇಕು.’ ಪೂರ್ತಿ ಎರಡು ಲಕ್ಷಕ್ಕೆ ಹಣಕಾಸು ಇಲಾಖೆ ಒಪ್ಪಲಿಕ್ಕಿಲ್ಲ, ಆದರೆ ಮಾತುಕತೆ ಅಲ್ಲಿಂದ ಕೆಳಗೆ ಇಳಿಯಲಿ, 21,000ದಿಂದ ಮೇಲೆ ಹತ್ತುವುದು ಬೇಡ.

15 ವರ್ಷದ ವಾಸದ ಬೇಡಿಕೆಯನ್ನು ಬೇರೆ ಕಾಗದದಲ್ಲಿಡಿ. ಅದನ್ನು ‘ಕನ್ನಡಿಗರ’ ಬೇಡಿಕೆ ಎಂದು ಬರೆಯಬೇಡಿ. ಮಕ್ಕಳ ಆಸರೆಗೆ ಬಂದ ಗುಜರಾತಿ, ತೆಲುಗು, ಹಿಂದಿ ಹಿರಿಯರಿಗೂ ಇದೇ ಕಷ್ಟ, ಅವರ ಸಂಘಗಳೂ ಜೊತೆಗೆ ಸಹಿ ಹಾಕಲಿ. ಎರಡೂ ಜಿ.ಆರ್.ಗಳ ಸಂಖ್ಯೆ ಮತ್ತು ದಿನಾಂಕವನ್ನು ‘ಸಂದರ್ಭ’ ಎಂಬ ಸಾಲಿನಲ್ಲಿ, ವಿಷಯದ ಕೆಳಗೇ ಹಾಕಿ. ಮೊದಲ ಪುಟ ಅಲ್ಲಿಗೇ ಮುಗಿಯಲಿ, ಅಂಕಿಯ ಕೋಷ್ಟಕ ಹಿಂದಿನ ಪುಟಕ್ಕೆ ಹೋಗಲಿ.